ಯಾರಿಗೆ, ಯಾಕ, ಎಲ್ಲೀತನಕ

ಈ ದೇಶದಲ್ಲಿ ಹೆಣ ಸುಟ್ಟ ಮೇಲೆ ಬಂದವರಿಗೆಲ್ಲ ಕಾಫಿ, ಕೇಕು ಕೊಡುತ್ತಾರೆ. ಆಲ್ಮೆರೆ ಊರಿನ ಚಿತಾಗಾರಕ್ಕೆ ಹೊಂದಿಕೊಂಡ ಸಭಾಂಗಣದಲ್ಲಿ ನಾವೊಂದು ನಲವತ್ತು ಜನ ತಟ್ಟೆ ಹಿಡಿದು ನಿಂತಿದ್ದೆವು. ಕನ್ನಡದವರು ಕಿಟಕಿಯ ಕಡೆ, ಆಫೀಸಿನವರು ಬಾಗಿಲ ಕಡೆ. ಎರಡೂ ಕಡೆಗೆ ಸೇರಿದವಳು ನಾನೊಬ್ಬಳೇ ಆದ್ದರಿಂದ ನಡುವೆ ನಿಂತು, ಯಾರ ಹತ್ತಿರವೂ ಮಾತಾಡದೆ ಕೇಕು ಮುರಿಯುತ್ತಿದ್ದೆ. ನಮ್ಮ ವಿಭಾಗದ ಮ್ಯಾನೇಜರ್ ಹತ್ತಿರ ಬಂದ. ಆರೂವರೆ ಅಡಿಯ ಡಚ್ ಮನುಷ್ಯ, ನನ್ನ ಜೊತೆ ಮಾತಾಡುವಾಗ ಯಾವಾಗಲೂ ಸ್ವಲ್ಪ ಬಗ್ಗುತ್ತಾನೆ. ‘ಎಂಥ ಅಚ್ಚುಕಟ್ಟಿನ ಮನುಷ್ಯ! ಅಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪು’ ಎಂದ. ಹೊಗಳಿಕೆಯೆಂದೇ ಹೇಳಿದ್ದು, ಪಾಪ. ನಾನು ಉಳಿದ ಕೇಕನ್ನು ತಟ್ಟೆಯ ಸಮೇತ ಮೇಜಿನ ಮೇಲಿಟ್ಟೆ.

ಆ ಒಂದು ತಪ್ಪು ಆಫೀಸಿನಲ್ಲಿ ನನಗೆ ಕೆಲಸ ಕಲಿಸಿದ ಸರ್ ಅವರದಲ್ಲ, ನನ್ನದು. ಮೂರು ವರ್ಷದಿಂದ ಅದು ಅವರ ಹೆಸರಿನಲ್ಲಿದೆ. ಈಗ ಅವರೇ ಇಲ್ಲ. ಅವರ ಹೆಸರಿನ ಮೇಲಿಂದ ಅದನ್ನು ತೆಗೆಯಬೇಕು ಎಂಬುದೊಂದೇ ಈಗ ನನಗೆ ಉಳಿದಿರುವ ಕೆಲಸ. ಆಫೀಸಿಗೆ ಬರೆದುಕೊಟ್ಟಿದ್ದೇನೆ, ಅಲ್ಲಿ ನನಗೇನಾಗುತ್ತದೋ ಆಗಲಿ. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ, ‘ಸರ್ ಬಗ್ಗೆ ಎಲ್ರೂ ನಾಲ್ಕು ಸಾಲು ಬರ್ಕೊಡಿ, ಬುಕ್ ಮಾಡಿ ಆಂಟಿಗೆ ಕೊಡೋಣ’ ಎಂದು ಕೇಳಿದ್ದಾರೆ. ಆಂಟಿಯೆಂದರೆ ಅವರ ಹೆಂಡತಿ. ನಾಲ್ಕು ಸಾಲಿಗೆಂದೇ ಕೂತೆ. ನಾಲ್ಕು ಸಾಲಿನಲ್ಲಿ ಅವರು ಒಳ್ಳೆಯವರಾಗಿದ್ದರು ಎನ್ನಬಹುದು, ಅದನ್ನು ಉಳಿದವರು ಆಗಲೇ ಬರೆದಾಗಿದೆ. ನಾನು ಹೆಸರು ಬರೆಯುವುದಿಲ್ಲ. ಬಲ್ಲವರಿಗೆ ಎರಡನೆಯ ಪುಟಕ್ಕೇ ಗೊತ್ತಾಗುತ್ತದೆ.

ಸ್ಲೋಟರ್‌ಡೈಕ್ ಸ್ಟೇಷನ್ನಿನ ಹಿಂದೆ ನಮ್ಮ ಆಫೀಸು. ಹಡಗಿನಲ್ಲಿ ಬಂದ ಸರಕು ಯಾವ ಗೋದಾಮಿಗೆ ಹೋಗಬೇಕು ಎಂಬ ಕಾಗದಪತ್ರ ನೋಡಿಕೊಳ್ಳುವ ಕಂಪನಿ. ಕಾಗದಪತ್ರ ಎನ್ನುವುದು ಮಾತಿಗೆ. ಕಾಗದ ಎಲ್ಲೂ ಇಲ್ಲ. ಇಡೀ ಆಫೀಸಿನ ಫೈಲುಗಳೆಲ್ಲ ಕಂಪ್ಯೂಟರಿನ ಒಂದೇ ದೊಡ್ಡ ಉಗ್ರಾಣದಲ್ಲಿರುತ್ತವೆ. ವಿಭಾಗಕ್ಕೊಂದು ಫೋಲ್ಡರ್, ಅದರೊಳಗೆ ಹತ್ತು, ಆ ಹತ್ತರೊಳಗೆ ನೂರು. ಯಾರು ಯಾವುದನ್ನು ತೆರೆಯಬಹುದು, ಯಾರು ಓದಬಹುದು ಆದರೆ ತಿದ್ದುವಂತಿಲ್ಲ, ಯಾರ ಕಣ್ಣಿಗೆ ಅದು ಬೀಳಲೇಬಾರದು, ಇದನ್ನೆಲ್ಲ ನೋಡಿಕೊಳ್ಳುವುದು ಅವರ ಕೆಲಸ. ಹೊಸಬರು ಬಂದರೆ ಖಾತೆ ತೆರೆಯಬೇಕು, ಬಿಟ್ಟುಹೋದವರದು ಮುಚ್ಚಬೇಕು. ಹೊರಗಿನವರಿಗೆ ಇದೊಂದು ಕೆಲಸವೆಂದೇ ಅನಿಸುವುದಿಲ್ಲ. ನನಗೂ ಅನಿಸಿರಲಿಲ್ಲ. ಮೈಸೂರಿನಿಂದ ಬಂದು ಅವರ ಕೈಕೆಳಗೆ ಕೂತ ಮೊದಲ ವಾರವೇ ಗಂಡನ ಹತ್ತಿರ, ‘ಇಪ್ಪತ್ತು ವರ್ಷದಿಂದ ಟಿಕ್ ಹಾಕ್ಕೊಂಡು ಕೂತಿದಾರಪ್ಪ ಮನುಷ್ಯ, ನಂಗಾದ್ರೆ ಹುಚ್ಚು ಹಿಡಿಯತ್ತೆ’ ಎಂದಿದ್ದೆ.

ಅವರು ಗದಗಿನ ಕಡೆಯವರು. ಈ ದೇಶಕ್ಕೆ ಬಂದದ್ದು ವಾಗೆನಿಂಗನ್ನಿನ ಕೃಷಿ ವಿಶ್ವವಿದ್ಯಾಲಯಕ್ಕೆ, ಮಣ್ಣಿನ ವಿಷಯ ಓದಲು. ಅಲ್ಲಿ ಪ್ರಯೋಗಾಲಯದ ಫೈಲುಗಳು ಯಾರ ಕೈಗೂ ಸಿಗದ ಹಾಗೆ ಚೆಲ್ಲಾಪಿಲ್ಲಿಯಾಗಿದ್ದವಂತೆ. ಇವರಿಗೆ ನೋಡಲಾಗದೆ ಜೋಡಿಸಲು ಹೊರಟರು. ಮಣ್ಣು ಅಲ್ಲಿಗೇ ಉಳಿಯಿತು. ಗಿಡ್ಡ ಆಳು, ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ, ಚಳಿಗಾಲದಲ್ಲಿ ಅದರ ಮೇಲೊಂದು ಸ್ವೆಟರ್. ಮಧ್ಯಾಹ್ನ ಎಲ್ಲ ಡಚ್ಚರ ಹಾಗೆ ಅವರೂ ಬ್ರೆಡ್ಡನ್ನೇ ತಿನ್ನುತ್ತಿದ್ದರು. ಆದರೆ ಬೆಣ್ಣೆಯ ಮೇಲೆ ಶೇಂಗಾ ಚಟ್ನಿಪುಡಿ. ಇಲ್ಲಿನವರು ಬ್ರೆಡ್ಡಿನ ಮೇಲೆ ಹಾಖಲ್‌ಸ್ಲಾಖ್ ಎಂದು ಚಾಕೊಲೇಟಿನ ಹರಳು ಉದುರಿಸಿಕೊಂಡು ತಿನ್ನುತ್ತಾರೆ. ಒಬ್ಬಾಕೆ ಇವರ ಬ್ರೆಡ್ಡು ನೋಡಿ, ಇದು ಯಾವ ಬಗೆಯ ಹಾಖಲ್‌ಸ್ಲಾಖ್ ಎಂದು ಕೇಳಿದಳು. ‘ನಮ್ಮೂರಿಂದು’ ಎಂದು ಅವಳ ಬ್ರೆಡ್ಡಿಗೂ ಒಂದು ಚಮಚ ಉದುರಿಸಿದರು. ಅವಳ ಕಣ್ಣಲ್ಲಿ ನೀರು ಬಂತು, ಆದರೂ ಮಾರನೆಯ ದಿನ ಮತ್ತೆ ಬಂದು ಕೂತಳು.

ಯಾರಿಗಾದರೂ ಒಂದು ಫೋಲ್ಡರ್ ತೆರೆಯಬೇಕಿದ್ದರೆ ಅವರ ಮೂರು ಪ್ರಶ್ನೆಗಳನ್ನು ದಾಟದೆ ಆಗುತ್ತಿರಲಿಲ್ಲ. ‘ಯಾರಿಗೆ? ಯಾಕ? ಎಲ್ಲೀತನಕ?’ ನನಗೆ ಕನ್ನಡದಲ್ಲಿ, ಉಳಿದವರಿಗೆ ಡಚ್ಚಿನಲ್ಲಿ. ಮೊದಲ ಎರಡಕ್ಕೆ ಎಲ್ಲರೂ ಉತ್ತರ ಕೊಡುತ್ತಿದ್ದರು, ಮೂರನೆಯದಕ್ಕೆ ತಡವರಿಸುತ್ತಿದ್ದರು. ಒಮ್ಮೆ ಸಾಕ್ಷಾತ್ ನಿರ್ದೇಶಕರೇ ಯಾವುದೋ ಫೋಲ್ಡರ್ ಬೇಕೆಂದು ಬಂದರು. ಎಲ್ಲಿಯವರೆಗೆ ಎಂದು ಇವರು ಕೇಳಿದರು. ‘ಯಾವಾಗಲೂ’ ಎಂದರು ಅವರು. ‘ಹಾಗೆಂಬ ದಿನಾಂಕ ಕ್ಯಾಲೆಂಡರಿನಲ್ಲಿ ಇಲ್ಲವಲ್ಲ’ ಎಂದು ಇವರು ಪೆನ್ನು ಹಿಡಿದು ಕಾದೇ ಕಾದರು. ನಿರ್ದೇಶಕರು ನಕ್ಕು ತಮ್ಮ ನಿವೃತ್ತಿಯ ದಿನ ಬರೆಸಿ ಹೋದರು. ಆ ದಿನ ಬಂದಾಗ ಅಧಿಕಾರ ತಾನಾಗಿಯೇ ಕಳಚಿಕೊಂಡಿತು.

ಬುಧವಾರ ಬೆಳಿಗ್ಗೆ ಅವರ ತಿರುಗಾಟ. ಒಂದೊಂದು ಫೋಲ್ಡರಿಗೂ ಯಾರ್‍ಯಾರು ಹೋಗಬಹುದು ಎಂಬ ಪಟ್ಟಿ ಮುದ್ರಿಸಿಕೊಂಡು ಮಹಡಿಯಿಂದ ಮಹಡಿಗೆ ನಡೆಯುತ್ತಿದ್ದರು. ಈ ದೇಶದಲ್ಲಿ ಮುಂಚೆ ಹೇಳದೆ ಯಾರ ಮುಂದೆಯೂ ಹೋಗಿ ನಿಲ್ಲುವ ಹಾಗಿಲ್ಲ, ಅದಕ್ಕೆ ಪ್ರತಿಯೊಬ್ಬರ ಹತ್ತಿರವೂ ಹತ್ತು ನಿಮಿಷದ ಸಮಯ ಕೇಳಿ ಇಟ್ಟಿರುತ್ತಿದ್ದರು. ಪಟ್ಟಿ ಮುಂದಿಟ್ಟು, ಇವರಿಗೆಲ್ಲ ಇದು ಇನ್ನೂ ಬೇಕೇ ಎಂದು ಒಂದೊಂದು ಹೆಸರಿನ ಮೇಲೂ ಬೆರಳಿಡುವುದು. ಈಮೇಲ್ ಕಳಿಸಿದರೆ ಮುಗಿಯುವ ಕೆಲಸ ಎಂದು ನಾನು ಎಷ್ಟೋ ಸಲ ಹೇಳಿದೆ.

‘ಈಮೇಲ್ ಕಳಿಸಿದ್ರ ಮಂದಿ ಹೂಂ ಅಂತಾರ ತಂಗಿ. ಎದುರಿಗೆ ಕುಂತ್ರ ಓದ್ತಾರ.’

‘ಸರ್, ನಿಮ್ಮನ್ನ ನೋಡಿದ್ರೆ ಮತದಾರರ ಪಟ್ಟಿ ಹಿಡ್ಕೊಂಡು ಮನೆಮನೆ ಸುತ್ತೋ ಮೇಷ್ಟ್ರು ಜ್ಞಾಪಕ ಬರ್ತಾರೆ.’

‘ಆತು ಬಿಡು. ಅವರೂ ಪಗಾರ ತಗೊಂಡ ಕೆಲಸ ಮಾಡಾಕತ್ತಿರ್ತಾರ’ ಎಂದು ಪಟ್ಟಿ ಎತ್ತಿಕೊಂಡು ಹೊರಟರು.

ಕೆಲಸ ಬಿಟ್ಟುಹೋಗುವವರ ಖಾತೆಯನ್ನು ಕೊನೆಯ ದಿನ ಸಂಜೆ ಐದಕ್ಕೆ ಮುಚ್ಚಬೇಕೆಂಬುದು ಕಂಪನಿಯ ನಿಯಮ. ಅವರು ಐದಕ್ಕೆ ಐದು ನಿಮಿಷವಿರುವಾಗ ಆ ಮನುಷ್ಯನ ಮೇಜಿನ ಹತ್ತಿರ ಹೋಗಿ ಕೈಕುಲುಕಿ ಬರುತ್ತಿದ್ದರು. ಬಂದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ಆ ಮನುಷ್ಯ ಕೆಳಗೆ ಹೊರಬಿದ್ದು ಸೈಕಲ್ ಬೀಗ ತೆಗೆದು ಹತ್ತಿದ್ದು ಕಂಡ ಮೇಲೆ ಬಂದು ಖಾತೆ ಮುಚ್ಚುತ್ತಿದ್ದರು. ಒಮ್ಮೊಮ್ಮೆ ಐದೂಕಾಲು ಆಗುತ್ತಿತ್ತು. ‘ಮನಷ್ಯಾ ಇನ್ನೂ ಒಳಗಿರೂಮುಂದ ಬಾಗಲಾ ಹಾಕಬಾರದವಾ’ ಎಂದಷ್ಟೇ ಹೇಳಿದರು, ನಾನು ಕೇಳಿದಾಗ. ಇನ್ನೊಮ್ಮೆ ಲೆಕ್ಕಪತ್ರ ವಿಭಾಗದ ಒಬ್ಬಾಕೆ ಮನಸ್ಸು ಕೆಟ್ಟು ಎಂಟು ತಿಂಗಳು ರಜೆಯಲ್ಲಿದ್ದಳು. ಉದ್ದ ರಜೆ ಹೋದವರ ಎಲ್ಲ ಅನುಮತಿಗಳನ್ನೂ ತೆಗೆದಿಡಬೇಕು. ಇವರು ಎಲ್ಲವನ್ನೂ ತೆಗೆದು ಒಂದನ್ನು ಉಳಿಸಿದರು, ಹುಟ್ಟುಹಬ್ಬದ ಕೇಕು ಯಾವತ್ತು ಯಾರದು ಎಂಬ ಪಟ್ಟಿಯಿದ್ದ ಫೋಲ್ಡರ್. ಅವಳು ಎಂಟು ತಿಂಗಳಾದ ಮೇಲೆ ಹೆದರಿಕೊಂಡು ಬಂದು ಕಂಪ್ಯೂಟರ್ ತೆರೆದಾಗ ಅದೊಂದು ಇತ್ತು, ಅದರಲ್ಲಿ ಅವಳ ಹೆಸರೂ ಇತ್ತು. ಅವತ್ತು ಚಿತಾಗಾರದಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವಳು ಆಕೆ.

ನನಗೆ ಹೇಳಿಕೊಟ್ಟದ್ದರಲ್ಲಿ ಅವರು ಒಂದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿದ್ದರು. ಯಾರು ಮಾಡುತ್ತಾರೋ ಅದು ಅವರ ಹೆಸರಿನಲ್ಲೇ ಆಗಬೇಕು. ಯಾರು ಯಾವ ಫೋಲ್ಡರಿನ ಅನುಮತಿ ಬದಲಿಸಿದರೂ ಗಂಟೆ ನಿಮಿಷದ ಸಮೇತ ಅವರ ಹೆಸರು ದಾಖಲೆಯಲ್ಲಿ ಕೂರುತ್ತದೆ. ಆ ದಾಖಲೆಯನ್ನು ಯಾರೂ ತಿದ್ದಲಾಗದು. ಅದಕ್ಕೇ ನೀರು ಕುಡಿಯಲು ಎದ್ದರೂ ಎರಡು ಬೆರಳಲ್ಲಿ ಕಂಪ್ಯೂಟರಿಗೆ ಬೀಗ ಹಾಕಿಯೇ ಏಳುತ್ತಿದ್ದರು. ನಾನು ಒಮ್ಮೆ ಹಾಕದೆ ಕಾಫಿಗೆ ಹೋಗಿ ಬಂದೆ. ಪರದೆಯ ಮೇಲೆ ಹಳದಿ ಚೀಟಿ ಅಂಟಿಸಿತ್ತು: ‘ಇಲ್ಲಿ ಐದು ನಿಮಿಷ ನಾನು ನೀನಾಗಿದ್ದೆ.’ ನಾನು ನಕ್ಕೆ. ಅವರು ನಗಲಿಲ್ಲ. ಆ ಚೀಟಿಯನ್ನು ಒಂದು ವಾರ ಅಲ್ಲೇ ಬಿಟ್ಟಿದ್ದೆ, ತಮಾಷೆಗೆ.

ಈಗ ಆ ಗುರುವಾರಕ್ಕೆ ಬರಬೇಕು.

ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ನನ್ನ ಮೇಜಿನ ಮುಂದೆ ನಿಂತಿದ್ದಳು. ಹೊಸ ರಜೆ ಅರ್ಜಿಗಳ ಫೋಲ್ಡರ್ ನಾಲ್ಕು ಗಂಟೆಯೊಳಗೆ ಆಫೀಸಿನ ಎಲ್ಲರಿಗೂ ಕಾಣಬೇಕು. ಆ ವಿಭಾಗದ ಫೋಲ್ಡರುಗಳನ್ನು ಮುಟ್ಟುವ ಅಧಿಕಾರ ನನಗೆ ಇನ್ನೂ ಇರಲಿಲ್ಲ, ಇದ್ದದ್ದು ಅವರೊಬ್ಬರಿಗೆ. ಪಕ್ಕದ ಕುರ್ಚಿಯಲ್ಲೇ ಇದ್ದರು. ಅಷ್ಟರಲ್ಲಿ ಅವರಿಗೆ ಫೋನು ಬಂತು. ಗದಗಿನಲ್ಲಿ ಅವರ ಅಕ್ಕ ಎರಡು ದಿನದಿಂದ ಆಸ್ಪತ್ರೆಯಲ್ಲಿದ್ದರು, ಅದು ನನಗೆ ಗೊತ್ತಿತ್ತು. ಅವರು ಫೋನು ಕಿವಿಗಿಟ್ಟುಕೊಂಡು ಎದ್ದು ಮೆಟ್ಟಿಲ ಕಡೆ ಹೋದರು. ಬೀಗ ಹಾಕಲಿಲ್ಲ. ನಾನು ಅವರ ಜೊತೆಯಿದ್ದ ಅಷ್ಟು ದಿನದಲ್ಲಿ ಅದೊಂದೇ ಸಲ.

ಮುಖ್ಯಸ್ಥೆ ಗಡಿಯಾರ ನೋಡುತ್ತಿದ್ದಳು. ನನಗೆ ಮೊದಲಿಂದಲೂ ಅವಸರ, ಕೈ ಮುಂದೆ, ಬುದ್ಧಿ ಹಿಂದೆ. ಅವರ ಕುರ್ಚಿಯನ್ನು ಎಳೆದುಕೊಂಡು ಕೂತೆ. ಎರಡೇ ನಿಮಿಷ. ರಜೆ ಅರ್ಜಿಗಳ ಫೋಲ್ಡರನ್ನು ಆರಿಸಬೇಕಿತ್ತು. ಅದರ ಒಂದು ಮೆಟ್ಟಿಲು ಮೇಲಿನ, ಇಡೀ ವಿಭಾಗದ ಫೋಲ್ಡರನ್ನು ಆರಿಸಿಬಿಟ್ಟಿದ್ದೆ. ಎಲ್ಲರಿಗೂ ಓದುವ ಅನುಮತಿ ಕೊಟ್ಟೆ. ಒಳಗಿನ ಎಲ್ಲ ಫೋಲ್ಡರುಗಳಿಗೂ ಇದನ್ನೇ ಅನ್ವಯಿಸಬೇಕೇ ಎಂದು ಒಂದು ಪುಟ್ಟ ಚೌಕ ಕೇಳಿತು. ಓದಲಿಲ್ಲ, ಟಿಕ್ ಹಾಕಿದೆ. ಮುಖ್ಯಸ್ಥೆ ಥ್ಯಾಂಕ್ಸ್ ಹೇಳಿ ಹೋದಳು. ನಾನು ಕುರ್ಚಿಯನ್ನು ಇದ್ದಲ್ಲಿಗೆ ತಳ್ಳಿದೆ.

ಅವರು ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು. ‘ಅಕ್ಕ ಹೋದಳವಾ’ ಎಂದರು. ಆ ಗಳಿಗೆಯಲ್ಲಿ ನಿಮ್ಮ ಕುರ್ಚಿಯಲ್ಲಿ ಕೂತಿದ್ದೆ ಎಂದು ಯಾವ ಬಾಯಲ್ಲಿ ಹೇಳಲಿ? ಚಹಾ ತಂದುಕೊಟ್ಟೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅವರು ಚಹಾ ಕುಡಿದು, ಒಂದು ಗಂಟೆ ಏನೇನೋ ಕೀಲಿ ಒತ್ತುತ್ತ ಕೂತಿದ್ದು ಆಮೇಲೆ ರೈಲಿಗೆ ಹೋದರು. ಮಾರನೆಯ ದಿನ ಬರಲಿಲ್ಲ. ಅಕ್ಕನ ಅಂತ್ಯಸಂಸ್ಕಾರವನ್ನು ಫೋನಿನಲ್ಲೇ ನೋಡಿದರಂತೆ.

ಆ ವಿಭಾಗದ ಒಳಗೆಲ್ಲೋ ಅವರು ಸುತ್ತಲೂ ಬೇಲಿ ಕಟ್ಟಿ ಬೇರೆ ಮಾಡಿಟ್ಟಿದ್ದ ಒಂದು ಫೋಲ್ಡರ್ ಇತ್ತು. ಕಂಪನಿಯಿಂದ ಯಾರ್‍ಯಾರನ್ನು ತೆಗೆಯಬೇಕು ಎಂಬ ಪಟ್ಟಿ, ಇನ್ನೂ ಯಾರಿಗೂ ಹೇಳಿರದಿದ್ದ ಪಟ್ಟಿ. ನನ್ನ ಟಿಕ್ಕು ಆ ಬೇಲಿಯನ್ನು ಕಿತ್ತುಹಾಕಿತ್ತು. ಸೋಮವಾರ ಬೆಳಿಗ್ಗೆ ಸರಕು ಯೋಜನೆ ವಿಭಾಗದ ಒಬ್ಬ ಹಳೆಯ ಮನುಷ್ಯ ರಜೆ ಅರ್ಜಿ ಹುಡುಕುತ್ತ ಹೋಗಿ, ಆ ಪಟ್ಟಿಯಲ್ಲಿ ತನ್ನ ಹೆಸರು ತಾನೇ ಓದಿದ. ಮಧ್ಯಾಹ್ನದೊಳಗೆ ಇಡೀ ಆಫೀಸಿಗೆ ಗೊತ್ತಾಯಿತು. ಕ್ಯಾಂಟೀನಿನಲ್ಲಿ ಗಂಡಸರು ಅಳುವುದನ್ನು ನಾನು ಅವತ್ತು ನೋಡಿದೆ.

ಮ್ಯಾನೇಜರನ ಕೋಣೆಯಲ್ಲಿ ನಾವು ಮೂವರು. ಅವನು ದಾಖಲೆ ತೆರೆದು ಪರದೆಯನ್ನು ಇವರ ಕಡೆ ತಿರುಗಿಸಿದ. ಗುರುವಾರ, ಮೂರು ಗಂಟೆ ಹನ್ನೆರಡು ನಿಮಿಷ, ಇವರ ಹೆಸರು. ದಾಖಲೆಯಲ್ಲಿ ಹೆಸರಿದ್ದ ಮೇಲೆ ಸಿಬ್ಬಂದಿ ವಿಭಾಗದ ಮುಖ್ಯಸ್ಥೆಯನ್ನು ಕೇಳಬೇಕೆಂದು ಯಾರಿಗೂ ಅನಿಸಲಿಲ್ಲ. ಇವರು ಬಗ್ಗಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ‘ನನ್ನ ಹೆಸರಿದೆ. ಹಾಗಾದರೆ ನಾನೇ ಮಾಡಿರಬೇಕು’ ಎಂದರು, ಡಚ್ಚಿನಲ್ಲಿ. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದರು.

ಬಾಯಿ ತೆರೆದೆ. ಮುಚ್ಚಿ ಪರದೆಯ ಕಡೆ ನೋಡಿದೆ. ನನ್ನ ವರ್ಷದ ಕರಾರು ಮುಗಿಯಲು ಆರು ವಾರವಿತ್ತು. ಅದು ಮುಂದುವರಿಯದಿದ್ದರೆ ಇಲ್ಲಿರುವ ಪರವಾನಗಿ ಹೋಗುತ್ತದೆ, ನನ್ನ ಪರವಾನಗಿಗೆ ಜೋತುಬಿದ್ದಿರುವ ಗಂಡನದೂ ಹೋಗುತ್ತದೆ. ಇವರು ಎಂದೋ ಇಲ್ಲಿನ ಪ್ರಜೆಯಾದವರು, ಇವರನ್ನು ಯಾರೂ ಎಲ್ಲಿಗೂ ಕಳಿಸಲಾರರು. ಇಷ್ಟನ್ನೂ ಆ ಒಂದು ಗಳಿಗೆಯಲ್ಲಿ ಲೆಕ್ಕ ಹಾಕಿದೆ. ಹೇಡಿಗೆ ಲೆಕ್ಕ ಬಹಳ ಬೇಗ ಬರುತ್ತದೆ.

ಅವರ ಅಧಿಕಾರವನ್ನೆಲ್ಲ ತೆಗೆಯಬೇಕೆಂದು ತೀರ್ಮಾನವಾಯಿತು. ತೆಗೆಯುವ ಕೆಲಸ ನನಗೇ ಬಂತು. ಅವರು ಪಕ್ಕದಲ್ಲೇ ಕೂತು, ಯಾವ ಗುಂಪಿನಿಂದ ಮೊದಲು ತೆಗೆಯಬೇಕು, ಯಾವುದನ್ನು ಮರೆಯಬಾರದು ಎಂದು ಹೇಳಿಕೊಟ್ಟರು. ನಾನು ಅವರ ಹೆಸರನ್ನು ಒಂದೊಂದು ಕಡೆಯಿಂದ ಅಳಿಸುತ್ತ ಹೋದೆ. ‘ಅವಸರ ಮಾಡಬ್ಯಾಡ, ಓದಿಕೋತ ಹೋಗು’ ಎಂದರು. ನನಗೆ ಪರದೆ ಕಾಣುತ್ತಿರಲಿಲ್ಲ.

ಅವರನ್ನು ಕೆಳಗಿನ ರಿಸೆಪ್ಷನ್ನಿಗೆ ಹಾಕಿದರು. ಬಂದವರಿಗೆ ಕೊರಳಿಗೆ ಹಾಕುವ ಕಾರ್ಡು ಕೊಡುವ ಕೆಲಸ. ಅಲ್ಲೂ ಯಾರನ್ನು ನೋಡಬೇಕು, ಯಾಕೆ, ಎಷ್ಟು ಹೊತ್ತಿನವರೆಗೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಕೊರಿಯರ್ ಹುಡುಗರಿಗೆ ನಗು. ಆರು ವಾರದ ನಂತರ ನನ್ನ ಕರಾರು ಕಾಯಂ ಆಯಿತು. ಅವತ್ತು ಅವರು ಮೂರು ಮಹಡಿ ಹತ್ತಿ ಬಂದು, ‘ಛಲೋ ಆತವಾ. ಇನ್ನ ನೀ ನಿಶ್ಚಿಂತಿಲೆ ಇರು’ ಎಂದರು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮಾಡಿದ್ದು ನಾನೆಂದು ಅವರಿಗೆ ಗೊತ್ತು. ಮ್ಯಾನೇಜರನ ಕೋಣೆಯಲ್ಲಿ ನನ್ನನ್ನು ನೋಡಿದ್ದು ಅದಕ್ಕೇ. ಗೊತ್ತಿದ್ದೂ ನನ್ನನ್ನು ಉಳಿಸಿದ್ದಾರೆ. ಗಂಡನಿಗೂ ಹಾಗೆಯೇ ಹೇಳಿದೆ. ‘ಗೊತ್ತಿದ್ರೆ ಇನ್ನೂ ಸುಲಭ ಅಲ್ವಾ? ಹೋಗಿ ಒಂದ್ಸಲ ಮಾತಾಡು’ ಎಂದ. ‘ಮಾತಾಡಿದ್ರೆ ಅವ್ರಿಗೇ ಮುಜುಗರ’ ಎಂದು ಅವನ ಬಾಯಿ ಮುಚ್ಚಿಸಿದೆ. ಇದೇ ಸಮಾಧಾನದಲ್ಲಿ ಮೂರು ವರ್ಷ ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ.

ಕಾಣಬೇಕಾದದ್ದೆಲ್ಲ ಕಣ್ಣಮುಂದೆಯೇ ಇತ್ತು. ಆಲ್ಮೆರೆಯಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಮಕ್ಕಳು ಡಚ್ಚಿನಲ್ಲಿ ಉತ್ತರ ಕೊಟ್ಟರೂ ಬೇಸರಿಸದೆ, ಕನ್ನಡದಲ್ಲಿ ಹೇಳಿದವರಿಗೆ ಒಂದೊಂದು ಚಿಕ್ಕಿ ಕೊಡುತ್ತಿದ್ದರು. ಅದನ್ನು ನಿಲ್ಲಿಸಿದರು. ಕಾರು ಮಾರಿದರು. ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ನೋಟ್‌ಬುಕ್ಕು. ಕೇಳಿದರೆ ‘ವಯಸ್ಸಾತಲ್ಲವಾ’ ಎನ್ನುತ್ತಿದ್ದರು. ನಾನು ಆ ಚೌಕದ ಹಾಗೆ ಇದನ್ನೂ ಓದಲಿಲ್ಲ. ನಿವೃತ್ತಿಗೆ ಎರಡು ವರ್ಷವಿರುವಾಗಲೇ ಬಿಟ್ಟರು. ಈ ಚಳಿಗಾಲ ಒಂದು ಬೆಳಿಗ್ಗೆ ಹಾಲು ತರಲು ಹೋದವರು ಅಂಗಡಿಯ ಮುಂದೆಯೇ ಕುಸಿದರು. ಹೃದಯ.

ಹದಿಮೂರನೆಯ ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಹೇಳಿಯೇ ಬರಬೇಕೆಂದು ಹೋದದ್ದು. ಆಂಟಿ ಒಬ್ಬರೇ ಇದ್ದರು. ಉಟ್ರೆಕ್ಟಿನಲ್ಲಿರುವ ಅವರ ಮಗಳು ಬೆಳಿಗ್ಗೆಯಷ್ಟೇ ಹಿಂತಿರುಗಿದ್ದಳು. ಚಹಾ ಕೊಟ್ಟು, ಒಳಗಿಂದ ಒಂದು ರಟ್ಟಿನ ಡಬ್ಬಿ ತಂದಿಟ್ಟರು.

‘ಇವನ್ನ ನೋಡು. ಆಫೀಸಿಂದು ಏನರ ಇದ್ರ ಒಯ್ಯಿ. ನಂಗ ತಿಳಿಯೂದಿಲ್ಲ.’

ಅದೇ ಪುಟ್ಟ ನೋಟ್‌ಬುಕ್ಕುಗಳು, ಹತ್ತೋ ಹನ್ನೆರಡೋ. ಒಂದನ್ನು ತೆರೆದೆ. ಅವರ ದುಂಡನೆಯ ಅಕ್ಷರ. ‘೮-೧೦. ಗ್ಯಾಸ್ ಬಂದ್ ಮಾಡಿದೆ. ನೋಡಿದೆ. ೮-೧೫. ಮತ್ತೊಮ್ಮೆ ನೋಡಿದೆ. ೮-೨೦. ಮುಂಬಾಗಿಲು ಹಾಕಿದೆ, ಎಳೆದು ನೋಡಿದೆ.’ ಪುಟ ತಿರುವಿದರೂ ಇದೇ. ಪ್ರತಿ ನೋಟ್‌ಬುಕ್ಕಿನ ಮೊದಲ ಪುಟ ಮಾತ್ರ ಬೇರೆ. ಅಲ್ಲಿ ಆ ಗುರುವಾರವನ್ನು ಬರೆದಿದ್ದರು. ‘೩-೦೨. ಫೋನ್. ಮೆಟ್ಟಿಲ ಹತ್ತಿರ. ೩-೧೨’. ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ. ‘೩-೨೦. ಚಾ ಕುಡಿದೆ.’ ಇನ್ನೊಂದು ನೋಟ್‌ಬುಕ್ಕು ತೆರೆದೆ. ಮೊದಲ ಪುಟದಲ್ಲಿ ಅದೇ. ಮತ್ತೊಂದರಲ್ಲೂ ಅದೇ. ಹೊಸದು ಶುರುಮಾಡುವಾಗಲೆಲ್ಲ ಹೊಸದಾಗಿ ನೆನಪಿಸಿಕೊಳ್ಳಲು ನೋಡಿದ್ದಾರೆ. ಮೂರು ಗಂಟೆ ಹನ್ನೆರಡು ನಿಮಿಷದ ಮುಂದೆ ಎಲ್ಲದರಲ್ಲೂ ಅದೊಂದೇ ಚಿಹ್ನೆ.

‘ಆ ಆಫೀಸಿನ ಗದ್ದಲ ಆದಾಗಿಂದ ಹಿಂಗ’ ಎಂದರು ಆಂಟಿ. ‘ತಮ್ಮ ಮ್ಯಾಲೆ ತಮಗ ನಂಬಿಕಿ ಹೋತು. ನಾ ಮಾಡೀನಿ ಅಂತ ಅದರಾಗ ಬರದೈತಿ, ನಂಗ ನೆನಪ ಇಲ್ಲ, ಅಂದ್ರ ಮರವು ಶುರು ಆಗೇತಿ ಅಂತಿದ್ರು. ಅವರವ್ವಗ ಹಂಗ ಆಗಿತ್ತು ನೋಡು, ಕಡೀಕ ಮಕ್ಕಳ ಗುರ್ತು ಸತೇಕ ಸಿಗ್ತಿದ್ದಿಲ್ಲ. ಡಾಕ್ಟರ್ ಕಡೆ ಎರಡ ಸಲ ಕರಕೊಂಡ ಹೋದೆ. ತಲಿ ಫೋಟೋ ತಗದ್ರು, ಗಡಿಯಾರದ ಚಿತ್ರ ಬರಸಿದ್ರು. ಏನೂ ಇಲ್ಲ, ಆರಾಮ ಅದಾರ ಅಂದ್ರು. ಇವ್ರು ಕೇಳಬೇಕಲ್ಲ? ಡಾಕ್ಟರ್‌ಗೆ ಏನ್ ಗೊತ್ತು, ದಾಖಲಿ ಸುಳ್ಳ ಹೇಳೂದಿಲ್ಲ ಅಂತಿದ್ರು.’

ನೋಟ್‌ಬುಕ್ಕನ್ನು ಮುಚ್ಚಿ ಡಬ್ಬಿಯಲ್ಲಿಟ್ಟೆ. ಅವರಿಗೆ ಗೊತ್ತಿರಲಿಲ್ಲ. ಮ್ಯಾನೇಜರನ ಕೋಣೆಯಲ್ಲಿ ನನ್ನ ಕಡೆ ನೋಡಿದ್ದು ಕೇಳುವುದಕ್ಕೆ, ಪಕ್ಕದಲ್ಲೇ ಇದ್ದೆಯಲ್ಲ, ನಾನು ಮಾಡಿದ್ದನ್ನು ನೀನು ನೋಡಿದೆಯಾ ಎಂದು ಕೇಳುವುದಕ್ಕೆ. ಅವರು ನನ್ನನ್ನು ಉಳಿಸಿರಲಿಲ್ಲ. ನಾನು ಅವರನ್ನು ಮುಳುಗಿಸಿದ್ದೆ, ಅಷ್ಟೇ.

‘ಆಂಟಿ, ಅವ್ರಿಗೆ ಅದು ನೆನಪಾಗೋ ಹಾಗೇ ಇರ್ಲಿಲ್ಲ’ ಎಂದೆ. ‘ಅವ್ರು ಮಾಡಿರ್ಲಿಲ್ಲ. ಅವ್ರು ಫೋನಿಗೆ ಅಂತ ಎದ್ದು ಹೋದಾಗ ಅವ್ರ ಚೇರಲ್ಲಿ ಕೂತು ಅದನ್ನ ಮಾಡಿದ್ದು ನಾನು.’

ಎಲ್ಲ ಹೇಳಿದೆ. ಕುರ್ಚಿ, ಟಿಕ್ಕು, ಕರಾರು, ಎಲ್ಲ. ಬೈಯುತ್ತಾರೆ, ಎದ್ದು ಹೋಗು ಎನ್ನುತ್ತಾರೆ ಎಂದು ಕಾದೆ. ಅಂದಿದ್ದರೆ ಚೆನ್ನಾಗಿತ್ತು.

‘ನಿನಗ ಗೊತ್ತಿತ್ತು?’

‘ಹೂಂ.’

‘ಮೂರು ವರ್ಷನೂ?’

‘ಹೂಂ, ಆಂಟಿ.’

ಅವರು ಚಹಾದ ಕಪ್ಪುಗಳನ್ನು ಒಂದರೊಳಗೊಂದು ಇಟ್ಟರು, ಮತ್ತೆ ಬಿಡಿಸಿ ಇಟ್ಟರು.

‘ಹಂಗಾರ ಅವ್ರ ತಲಿ ಸರಿ ಇತ್ತು.’

‘ಸರಿ ಇತ್ತು.’

‘ಮಗಳು ಕೂಸಿನ್ನ ತಂದು ಬಿಟ್ಟು ಹೋಗ್ತಿದ್ಲು, ವಾರಕ್ಕೊಮ್ಮೆ. ಪಾರ್ಕಿಗೆ ಕರಕೊಂಡ ಹೋಗ್ರಿ ಅಂದ್ರ, ಎಲ್ಲರ ಬಿಟ್ಟ ಬಂದಗಿಂದೇನು, ಬ್ಯಾಡ ಅಂತಿದ್ರು. ಮೊದಮೊದಲು ನಾ ಜಗಳಾ ಮಾಡ್ತಿದ್ದೆ, ನಿಮಗೇನಾಗೇತಿ ಅಂತ.’ ಕಪ್ಪುಗಳನ್ನು ಪಕ್ಕಕ್ಕೆ ಸರಿಸಿದರು. ‘ಆಮ್ಯಾಲೆ ನಾನೂ ನಂಬಿದ್ನಲ್ಲ. ಹೋದ ತಿಂಗಳ ತಾವಾಗೇ ಕೇಳಿದ್ರು, ಬಿಸಲು ಬಿದ್ದೈತಿ, ಒಂದೀಟು ಕರಕೊಂಡ ಹೋಗಿ ಬರ್ಲೇನು ಅಂತ. ನಾ ಕೊಡಲಿಲ್ಲ.’

ಅವರು ಎದ್ದು ಗೋಡೆಯ ಹತ್ತಿರ ಇಟ್ಟಿದ್ದ ಸರ್ ಫೋಟೋದ ಮುಂದೆ ಹೋಗಿ, ನನಗೆ ಬೆನ್ನು ಮಾಡಿ ನಿಂತರು. ಸೆರಗಿನ ತುದಿಯಿಂದ ಅದರ ಗಾಜನ್ನು ಒರೆಸಿದರು. ಒರೆಸುತ್ತಲೇ, ಒಳಕೋಣೆಯಲ್ಲಿರುವವರಿಗೆ ಕೇಳುವಷ್ಟು ಗಟ್ಟಿಯಾಗಿ, ‘ಕೇಳಿಸ್ತೇನ್ರಿ? ನೀವು ಮಾಡಿದ್ದಿಲ್ಲಂತ್ರಿ’ ಎಂದರು.